ಮೇಸ್ತ್ರಿಯ ಜಾಮೀನಿಗೆ ಯಾವ ದೇಶದ ಕಾನೂನು?

ವಿದೇಶಿ ಕರಾರುಗಳ ವ್ಯಾಜ್ಯ ತೀರಿಸುವ ಕುರ್ಚಿಯಲ್ಲಿ ಕೂತ ಮಾನ್ಯರೇ,

ನಮ್ಮ ಮೇಸ್ತ್ರಿ ತಮ್ಮ ವರ್ಕ್‌ಶಾಪಿನಲ್ಲಿ ಗ್ರೀಸ್ ಮೆತ್ತಿದ ಕೈಯಿಂದ ಸಹಿ ಹಾಕಿದ ಜಾಮೀನಿಗೆ ಸಮುದ್ರದಾಚೆಯ ದೇಶದ ಕಾನೂನು ಅನ್ವಯಿಸುತ್ತದೆ ಎಂದು ತಾವು ಕಳೆದ ವಾರ ಬರೆದುಬಿಟ್ಟಿರಿ. ಅದು ತಪ್ಪು. ಆ ತಪ್ಪಿಗೆ ದಾರಿ ಮಾಡಿಕೊಟ್ಟವನು ನಾನು. ಹಾಗಾಗಿ ತಲೆ ತಗ್ಗಿಸಿಕೊಂಡೇ ಜಗಳಕ್ಕೆ ಬಂದಿದ್ದೇನೆ.

ನಾನು ಹತ್ತನೇ ಕ್ಲಾಸು ಓದಿದ ವೆಲ್ಡರ್. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಹೊರದೇಶದಲ್ಲಿ ಹಡಗು ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ಕೆಲಸ ಬಿಟ್ಟು ಹೋಗುವಂತಿಲ್ಲ, ಹೋದರೆ ನಷ್ಟ ತುಂಬಿಕೊಡಲು ಒಬ್ಬರು ಜಾಮೀನು ನಿಲ್ಲಬೇಕು ಎಂದರು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ನಿಂತರು. ಅವರಿಗೆ ಸಹಿ ಬರುತ್ತದೆ, ಓದು ಬರುವುದಿಲ್ಲ. ಜಾಮೀನಿನ ಫಾರಂ ತುಂಬಿದವನು ನಾನೇ. ‘ಯಾವ ದೇಶದ ಕಾನೂನು’ ಎಂಬ ಕಡೆ ಖಾಲಿ ಜಾಗವಿತ್ತು. ತಮ್ಮಂಥ ಕಚೇರಿಗಳ ಗುಮಾಸ್ತರು ನಮಗೆ ಕಲಿಸಿರುವ ವಿದ್ಯೆ ಒಂದೇ: ಗೊತ್ತಾಗದ ಜಾಗ ಖಾಲಿ ಬಿಡಬೇಡ, ಗೆರೆ ಎಳಿ. ಎಳೆದೆ.

“ಏನೋ ಅದು ಗೆರೆ?” ಅಂದರು ಮೇಸ್ತ್ರಿ.

“ಏನಿಲ್ಲ ಮೇಸ್ತ್ರಿ, ನಮಗೆ ಸಂಬಂಧ ಇಲ್ಲದ್ದು.”

“ಪೂರ್ತಿ ಓದಿದ್ಯಾ?”

“ಓದ್ದೆ, ಓದ್ದೆ. ಬಸ್ಸಿಗೆ ಹೊತ್ತಾಯ್ತು, ಹಾಕಿ.”

“ನಿನ್ನ ಬೆಸುಗೆ ನಿಂತ ಹಾಗೆ ನೀನೂ ಒಂದ್ಕಡೆ ನಿಲ್ಲೋ ಕೋತಿ,” ಎಂದು ನಕ್ಕು ಸಹಿ ಹಾಕಿದರು.

ಏಳನೇ ತಿಂಗಳಿಗೆ ಓಡಿ ಬಂದೆ. ಅಲ್ಲಿ ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಬೇಜಾರಾಯಿತು, ಅಷ್ಟೇ. ಈಗ ಆ ಕಂಪನಿ ನಷ್ಟಕ್ಕೆಂದು ಮೇಸ್ತ್ರಿಯ ವರ್ಕ್‌ಶಾಪನ್ನೇ ಕೇಳುತ್ತಿದೆ.

ತಮ್ಮ ವಾದವೇನು? ಕೆಲಸದ ಕರಾರು ಅಲ್ಲಿಯ ಕಾನೂನಿನದು, ಜಾಮೀನು ಅದರ ಬಾಲ, ಹಸು ಹೋದಲ್ಲಿ ಬಾಲವೂ ಹೋಗಬೇಕು. ಆಹಾ! ಸ್ವಾಮಿ, ಕರಾರಿಗೆ ಸಹಿ ಹಾಕಿದವನು ನಾನು, ಜಾಮೀನಿಗೆ ಹಾಕಿದವರು ಅವರು. ಕಾಗದ ಬೇರೆ, ಮಾತು ಕೊಟ್ಟವರು ಬೇರೆ. ಯಾವ ಕಾನೂನೆಂದು ಬರೆದಿಲ್ಲದಾಗ ಆ ಕಾಗದಕ್ಕೆ ಯಾವ ದೇಶದ ನಂಟು ಹೆಚ್ಚೆಂದು ನೋಡಬೇಡವೇ? ಮಾತು ಕೊಟ್ಟಿದ್ದು ಇಲ್ಲಿ, ಕೊಟ್ಟವರು ಬದುಕುವುದು ಇಲ್ಲಿ, ತೆರಬೇಕಾದರೆ ತೆರುವುದೂ ಇಲ್ಲಿಂದಲೇ. ಆ ದೇಶ ಹಾಗಿರಲಿ, ಮೇಸ್ತ್ರಿ ಸಮುದ್ರವನ್ನೇ ಕಂಡಿಲ್ಲ.

ಇದು ತಮಗೆ ಪಾಂಡಿತ್ಯದ ಪ್ರಶ್ನೆ, ಅವರಿಗೆ ಅನ್ನದ ಪ್ರಶ್ನೆ. ಅಲ್ಲಿಯ ಕಾನೂನಿಗೆ ಸಹಿಯೊಂದಿದ್ದರೆ ಸಾಕು. ನಮ್ಮ ಕಾನೂನಿನಲ್ಲಿ ಓದು ಬಾರದವರಿಗೆ ಕಾಗದವನ್ನು ಓದಿ ಹೇಳಿರಬೇಕು, ಇಲ್ಲದಿದ್ದರೆ ಜಾಮೀನು ನಿಲ್ಲುವುದಿಲ್ಲ. ನಾನು ಓದಿ ಹೇಳಲಿಲ್ಲ. ನಾನೇ ಪೂರ್ತಿ ಓದಿರಲಿಲ್ಲ. ಇದು ಮೇಸ್ತ್ರಿಗೆ ಇನ್ನೂ ಗೊತ್ತಿಲ್ಲ. ತಮ್ಮೆದುರು ಅವರು ಏನೆಂದರು, ನೆನಪಿದೆಯೇ? “ನಮ್ಮ ಹುಡುಗ ಎಲ್ಲಾ ಓದೇ ಹೇಳಿದ್ದ ಸಾರ್. ಓಡಿ ಬರ್ತಾನೆ, ಸುಳ್ಳು ಹೇಳಲ್ಲ.” ನಾನು ಬಾಗಿಲ ಹತ್ತಿರ ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ.

ಆದ್ದರಿಂದ ನನ್ನ ಬೇಡಿಕೆ: ಜಾಮೀನಿಗೆ ನಮ್ಮ ದೇಶದ ಕಾನೂನೇ ಅನ್ವಯ ಎಂದು ತೀರ್ಮಾನಿಸಿ, ವಿಚಾರಣೆ ಮತ್ತೆ ತೆರೆಯಿರಿ. ನನ್ನನ್ನು ಸಾಕ್ಷಿಗೆ ಕರೆಯಿರಿ. ಓದಿ ಹೇಳಿದೆಯಾ ಎಂದು ಅವರೆದುರೇ ಕೇಳಿ.

ಅಲ್ಲಿಯವರೆಗೆ ಅವರಿಂದ ಮುಚ್ಚಿಡುವುದಿಲ್ಲ. ದಿನಾ ಚಹಾದ ಹೊತ್ತಿಗೆ ಮೇಸ್ತ್ರಿಗೆ ಪೇಪರ್ ಓದಿ ಹೇಳುವವನು ನಾನೇ. ಈ ಪತ್ರ ಅದೇ ಪೇಪರಿನಲ್ಲಿ ಅಚ್ಚಾದ ದಿನ ಒಂದು ಸಾಲನ್ನೂ ಹಾರಿಸದೆ ಓದುತ್ತೇನೆ.

ಇಂತಿ,
ಆ ಗೆರೆ ಎಳೆದವನು