ತೊಂಬತ್ತೊಂದನೇ ಪುಟದ ಬೆಳೆಗಾರ

ಹಾನಗಲ್ಲ, ಶನಿವಾರ

ಮಾಹೀರಾ,

ನಿನ್ನ ಪುಸ್ತಕದ ನಾಲ್ಕನೇ ಅಧ್ಯಾಯವನ್ನು ಕನ್ನಡಕ್ಕೆ ತಂದು ಮುಗಿಸಿದ್ದೇನೆ. ಆದರೆ ಕಳಿಸುತ್ತಿಲ್ಲ. ಮೊದಲು ನನ್ನ ಅನುಮಾನ ಕೇಳು. ದಿಲ್ಲಿಯ ಪ್ರೊಫೆಸರಿಗೆ ಹಾನಗಲ್ಲಿನ ಹೈಸ್ಕೂಲು ಅಕ್ಕೋರು ಪ್ರಶ್ನೆ ಹಾಕಬಾರದೆಂದು ಇನ್ನೂ ಕಾನೂನು ಬಂದಿಲ್ಲವಲ್ಲ.

ನಾವಿಬ್ಬರೂ ಕಾಲೇಜಿನಲ್ಲಿದ್ದಾಗ ನಮ್ಮ ದೇಶ 'ತೃತೀಯ ಜಗತ್ತು'. ನಾನು ನೌಕರಿಗೆ ಸೇರಿದಾಗ 'ಅಭಿವೃದ್ಧಿಶೀಲ ರಾಷ್ಟ್ರ'. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿಯೇ ನನ್ನ ಗಂಟಲು ಒಣಗಿತು. ಈಗ ನೀನು 'ಜಾಗತಿಕ ದಕ್ಷಿಣ' ಎನ್ನುತ್ತೀ. ಅಡಿಟಿಪ್ಪಣಿಯಲ್ಲಿ ಇನ್ನಾರೋ 'ಜಗತ್ತಿನ ಬಹುಜನ' ಎನ್ನಬೇಕೆಂದು ಜಗಳ ತೆಗೆದಿದ್ದಾರೆ. ನಕ್ಷೆಯಲ್ಲಿ ನಾವು ಸಮಭಾಜಕ ವೃತ್ತದ ಉತ್ತರಕ್ಕಿದ್ದೇವೆ. ದಕ್ಷಿಣದ ತುದಿಯ ಆಸ್ಟ್ರೇಲಿಯಾ ಹೋಗಿ 'ಉತ್ತರ'ದವರ ಪಂಕ್ತಿಯಲ್ಲಿ ಕುಳಿತಿದೆ. ಇದನ್ನು ಒಂಬತ್ತನೇ ತರಗತಿಗೆ ಹೇಗೆ ವಿವರಿಸಲಿ? ಪಂಕ್ತಿ ಬದಲಾದರೂ ಬಡಿಸುವ ಕೈ ಹಳೆಯದೇ ಇರಬೇಕು ಎಂಬುದು ನನ್ನ ಸಂಶಯ. 'ಇದು ಬೇರೆಯವರು ಇಟ್ಟದ್ದಲ್ಲ, ನಾವೇ ಇಟ್ಟುಕೊಂಡ ಹೆಸರು' ಎಂದು ನೀನು ಬರೆದಿದ್ದೀ. ನಂಬಲು ಹೊರಟಿದ್ದೆ. ಅಷ್ಟರಲ್ಲಿ ತೊಂಬತ್ತೊಂದನೇ ಪುಟ ಬಂತು.

ಅಲ್ಲೊಬ್ಬ ಮುದುಕ ಹೇಳುತ್ತಾನೆ: "ಹೆಸರು ಯಾರರ ಇಡ್ಲಿ, ದರಾ ಯಾರು ಹೇಳ್ತಾರ ಅನ್ನೂದು ನೋಡ್ರಿ." ನೀನು ಬರೆದದ್ದು ಇಂಗ್ಲಿಷಿನಲ್ಲಿ, ಆದರೂ ಆ ದನಿ ನನಗೆ ಕೇಳಿತು. ಕೆಳಗೆ ಹೇಳಿದವರ ಗುರುತು, 'ಜಾಗತಿಕ ದಕ್ಷಿಣದ ಒಬ್ಬ ಸಣ್ಣ ಬೆಳೆಗಾರ'.

ಅವರು ನಿನ್ನ ಅಬ್ಬಾ, ಮಾಹೀರಾ. ಸವಣೂರಿನ ಎಲೆತೋಟದ ನಬೀಸಾಬ ಚಾಚಾ. ವೀಳ್ಯದೆಲೆಯ ಕಟ್ಟಿಗೆ ಬಾಳೆನಾರಿನಲ್ಲಿ ಅವರು ಹಾಕುವ ಎರಡು ಸುತ್ತಿನ ಗಂಟು ನೋಡಿದರೆ ಸಾಕು, ಶಿಗ್ಗಾಂವಿ ಸಂತೆಯಲ್ಲಿ 'ಇದು ನಬೀಸಾಬನ ಎಲಿ' ಎನ್ನುತ್ತಾರೆ. ಸಂತೆಯಲ್ಲಿ ಇರುವ ಹೆಸರು ಮಗಳ ಪುಸ್ತಕದಲ್ಲಿ ಇಲ್ಲ. ಹೆಸರು ಮುಚ್ಚಿಡುವುದು ಸಂಶೋಧನೆಯ ನಿಯಮ ಎನ್ನುತ್ತೀಯೇನೋ. ಇರಬಹುದು. ಆದರೆ ಅದೇ ಪುಟದಲ್ಲಿ ಪಶ್ಚಿಮದ ಪಂಡಿತರೆಲ್ಲ ಇನಿಶಿಯಲ್ ಸಮೇತ ಬಂದಿದ್ದಾರೆ. ನಿನಗೆ ಎಲೆತೋಟ ಹೇಳಿಕೊಳ್ಳಲು ನಾಚಿಕೆಯಾಯಿತೇ? ನನ್ನ ಗುಮಾನಿ ತಪ್ಪಾಗಿದ್ದರೆ ಬೈದು ಬರೆ. ಬೈಸಿಕೊಳ್ಳುವ ಆಸೆ ನನಗೂ ಇದೆ.

ಹೋದ ರವಿವಾರ ತೋಟಕ್ಕೆ ಹೋಗಿ ಚಾಚಾಗೆ ಆ ಭಾಗ ಓದಿ ಹೇಳಿದೆ. ತಮ್ಮ ಮಾತು ಕೇಳಿ ಅವರು ಎಲೆ ಜೋಡಿಸುವುದನ್ನು ನಿಲ್ಲಿಸಿದರು. "ನನ್ನ ಹೆಸರು ಬಂದೈತೇನವಾ ಅದರಾಗ?"

"ಬಂದೈತ್ರಿ ಚಾಚಾ" ಅಂದುಬಿಟ್ಟೆ.

ಎಲ್ಲಿ ತೋರಿಸು ಎಂದರು. ಉರ್ದು ಬಿಟ್ಟರೆ ಬೇರೆ ಅಕ್ಷರ ಅವರಿಗೆ ಬಾರದು. ನಾನು ನಿನ್ನ ಪುಸ್ತಕದಲ್ಲಿ 'ಸಣ್ಣ ಬೆಳೆಗಾರ' ಎಂದಿರುವಲ್ಲಿ ಬೆರಳಿಟ್ಟೆ. ಅವರು ಲುಂಗಿಗೆ ಕೈ ಒರೆಸಿಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು, ನಿನ್ನ ತಲೆ ಸವರಿದ ಹಾಗೆ. 

ಕನ್ನಡದ ಪ್ರತಿಯಲ್ಲಿ ಹೇಳಿದವರ ಹೆಸರಿನ ಆ ಒಂದು ಜಾಗವನ್ನು ಖಾಲಿ ಬಿಟ್ಟಿದ್ದೇನೆ. ದೇಶಗಳನ್ನು ಏನು ಕರೆಯಬೇಕೋ ನೀವು ಪಂಡಿತರು ಕುಳಿತು ತೀರ್ಮಾನಿಸಿ. ಇದೊಂದನ್ನು ಮಾತ್ರ ನೀನು ಊರಿಗೆ ಬಂದು, ಅವರ ಎದುರು ಕುಳಿತು, ನಿನ್ನ ಕೈಯಾರೆ ತುಂಬು. ಉರ್ದುವಿನಲ್ಲಿ ಬರೆ, ಅವರು ಓದಿಕೊಳ್ಳಲಿ.

ಅಬ್ಬಾನ ಆಯುಷ್ಯ ನಿನ್ನ ಪುಸ್ತಕದ ಆಯುಷ್ಯಕ್ಕಿಂತ ದೊಡ್ಡದಾಗಲಿ.

ಸಂಶಯಪಡುತ್ತಲೇ ನಿನ್ನ ದಾರಿ ಕಾಯುವ,
ನೀಲಾಂಬಿಕಾ