ಉಪ್ಪು ಹಾಕದ ಹುಳು

ಜೂನ್ 9, ಸೋಮವಾರ. ಬೆಳಿಗ್ಗೆ 7

ಕ್ಯಾಬೇಜ್ ಎಲೆ ಬದಲಿಸಿದೆ. ಮುಚ್ಚಳಕ್ಕೆ ತೂತು ಸಾಕೋ ಸಾಲದೋ... ಮತ್ತೆರಡು ಚುಚ್ಚಿದೆ. ಗುರುವಾರ ಡೆಮೊ ಕ್ಲಾಸ್. ನಾಲ್ಕು ವರ್ಷ ಗೆಸ್ಟ್ ಲೆಕ್ಚರರ್ ಆಗಿ ದುಡಿದ ಮೇಲೆ ಈಗ ಒಂದು ಪರ್ಮನೆಂಟ್ ಪೋಸ್ಟ್. ಐದು ಮಂದಿ ಕಾದಿದ್ದೇವೆ. ವಿಷಯ ಮೃದ್ವಂಗಿಗಳು — ಎಚ್‌ಒಡಿ ಪಿಯುಸ್ ಸರ್ ಕೊಟ್ಟದ್ದು. ಉಳಿದವರು ಪಿಪಿಟಿ ತರಲಿ. ನಾನು ಜೀವಂತ ಸ್ಲಗ್ ಒಯ್ಯುತ್ತೇನೆ, ಚಿಪ್ಪಿಲ್ಲದ ಲೋಳೆಹುಳು. ಬಚ್ಚಲಿನ ಕಲ್ಲಡಿ ಸಿಕ್ಕಿದ್ದು, ಬೆರಳುದ್ದ. ಉಮ್ಮನಿಗೆ ಹೇಳಿಲ್ಲ. ಅಸಹ್ಯಪಟ್ಟುಕೊಳ್ಳುತ್ತಾರೆ. ಉಪ್ಪಿನಕಾಯಿಯ ಹಳೆ ಡಬ್ಬದಲ್ಲಿ ಇಟ್ಟಿದ್ದೇನೆ.

ಜೂನ್ 10

ಬೆಂಗ್ರೆಯಿಂದ ಕಾಲೇಜಿಗೆ ಹೊಳೆ ದಾಟುವಾಗ ಫೆರಿಯಲ್ಲಿ ನಿಂತೇ ಪಾಠ ಒಪ್ಪಿಸಿಕೊಂಡೆ. ಬಸವನಹುಳುವಿಗೆ ಬೆನ್ನ ಮೇಲೆ ಸುರುಳಿ ಚಿಪ್ಪು, ಹೆದರಿದರೆ ಒಳಗೆ. ಮರುವಾಯಿಗೆ, ಅಂದರೆ ಕಪ್ಪೆಚಿಪ್ಪಿಗೆ, ಎರಡು ಚಿಪ್ಪು, ತಲೆಯೇ ಇಲ್ಲ. ಬೊಂಡಾಸಿನದು, ಅಂದರೆ ಸ್ಕ್ವಿಡ್ಡಿನದು, ಮೈಯೊಳಗೆ, ಪ್ಲಾಸ್ಟಿಕ್ ಕಡ್ಡಿಯ ಹಾಗೆ. ಸ್ಲಗ್ಗಿಗೆ ಹೊರಗೆ ಏನೂ ಇಲ್ಲ. ಒಣಗಿದರೆ ಸಾವು, ಲೋಳೆಯೇ ಗತಿ. "ಹಾಗಾದರೆ ಇದು ಬಸವನಹುಳುವಿನ ನೆಂಟ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದರೆ? ಅಲ್ಲಿ ತಡವರಿಸುತ್ತೇನೆ. ಮತ್ತೆ ಮೊದಲಿಂದ...

ಜೂನ್ 12, ಗುರುವಾರ. ಬೆಳಿಗ್ಗೆ 6.20

ಉಮ್ಮ ಉಪ್ಪು ಹಾಕಿಬಿಟ್ಟಿದ್ದಾರೆ!

ಮಳೆಗಾಲದಲ್ಲಿ ಈ ಹುಳು ಕಂಡರೆ ಒಂದು ಹಿಡಿ ಉಪ್ಪು — ನಮ್ಮ ಮನೆಯ ಕಾನೂನು. ಎಲೆ ಬದಲಿಸಲು ಮುಚ್ಚಳ ತೆಗೆದಿಟ್ಟು ಆಚೆ ಹೋಗಿದ್ದೆ. ಹಳೆ ಡಬ್ಬಕ್ಕೆ ತಾನಾಗಿ ಹೊಕ್ಕಿದೆ ಎಂದುಕೊಂಡರಂತೆ.

"ಎಂತ ಮಾಡಿದ್ದು ಉಮ್ಮಾ! ನನ್ನ ಕೆಲಸ ಹೋಯ್ತು!" ಕಿರುಚಿದೆ.

"ನನಗೆಂತ ಗೊತ್ತುಂಟು? ಹುಳ ಅಲ್ವಾ ಅದು..."

ಕೊಡೆ ಹಿಡಿದು ಇನ್ನೊಂದು ಹುಡುಕಲು ಹೋಗಿದ್ದಾರೆ. ಆ ಮಂಡಿನೋವಿನಲ್ಲಿ. ಎಂಟರ ಫೆರಿ ತಪ್ಪಿದರೆ ಮುಗಿಯಿತು.

ಅದೇ ದಿನ, ಸಂಜೆ

ಬೇರೆ ಸಿಗಲಿಲ್ಲ. ಸತ್ತದ್ದನ್ನೇ ಒಯ್ದೆ. ಬಸವನಹುಳುವಿನ ನೆಂಟ ಹೇಗೆ ಎನ್ನುವಲ್ಲಿಗೆ ಬಂದಾಗ ಎಲ್ಲರೆದುರು ಬ್ಲೇಡ್ ಹಿಡಿದು ಬೆನ್ನಿನ ಹೊದಿಕೆ ಸೀಳಿದೆ. ಒಳಗೆ ತೆಳ್ಳನೆಯ ಬಿಳಿ ಬಿಲ್ಲೆ, ಕಿರುಬೆರಳ ಉಗುರಿನಷ್ಟು. ಚಿಪ್ಪು! ಕೆಲವು ಜಾತಿಗಳಲ್ಲಿ ಹೀಗೆ ಉಳಿದಿರುತ್ತದೆ ಎಂದು ಓದಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು. ನೆಂಟಸ್ತಿಕೆಗೆ ಇನ್ನೆಂತ ಸಾಕ್ಷಿ ಬೇಕು?

ಪಿಯುಸ್ ಸರ್ ಎದ್ದು ಹತ್ತಿರ ಬಂದರು. "ಇದು ಎಲ್ಲಿಯದ್ದು ಮಾರಾಯ್ತಿ?"

"ನಮ್ಮ ಬಚ್ಚಲಿನದ್ದು ಸರ್."

ಎಲ್ಲರೂ ನಕ್ಕರು. ಎಷ್ಟು ಖುಷಿಯಾಯಿತು! ಮನೆಗೆ ಬಂದು ಉಮ್ಮನಿಗೂ ಹೇಳಿದೆ. ಹೂಂ ಎಂದು ಒಲೆಯ ಕಡೆ ತಿರುಗಿದರು. ಮೀನಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಉಪ್ಪು ಕೇಳದೆ ಉಂಡೆ. ಬೆಳಗಿನದಕ್ಕೆ ಕ್ಷಮೆ ಕೇಳಲು ಮಾತ್ರ ಬಾಯಿ ಬರಲಿಲ್ಲ.

ಜೂನ್ 21, ಶನಿವಾರ. ಸಂಜೆ 5.10

ಪಿಯುಸ್ ಸರ್ ಫೋನ್. "ನಿಮ್ಮ ಕ್ಲಾಸೇ ಬೆಸ್ಟ್ ಸುಮಯ್ಯಾ. ಆದ್ರೆ ಮ್ಯಾನೇಜ್‌ಮೆಂಟಿನವರು ಪಿಎಚ್‌ಡಿ ಆದವರನ್ನು ತೆಗೊಂಡ್ರು. ಇನ್ನು ಗೆಸ್ಟ್ ಪೋಸ್ಟೂ ಇಲ್ಲ." ಥ್ಯಾಂಕ್ಸ್ ಸರ್ ಎಂದೆ. ಯಾಕೆ ಎಂದೆನೋ! ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ... ಕೂರಲು ಆಗುತ್ತಿಲ್ಲ. ಕೆಲಸ ಹೋದ ದುಃಖ ಒಂದು ಕಡೆ. ಉಮ್ಮನಿಗೆ ಹೇಗೆ ಹೇಳಲಿ? ತಾನು ಹಾಕಿದ ಉಪ್ಪಿನಿಂದಲೇ ಎಂದುಕೊಳ್ಳುತ್ತಾರೆ. ಸಾಯುವವರೆಗೂ ಕೊರಗುತ್ತಾರೆ.

ಬಚ್ಚಲಿನಿಂದ ಕರೆಯುತ್ತಿದ್ದಾರೆ.

"ಸುಮಯ್ಯಾ, ಬೇಗ ಬಾ! ದೊಡ್ಡದೊಂದು ಉಂಟು. ನಾನು ಉಪ್ಪು ಹಾಕ್ಲಿಲ್ಲ, ಚೆಂಬು ಕವುಚಿ ಇಟ್ಟಿದ್ದೇನೆ. ನಿನ್ನ ಕ್ಲಾಸಿಗೆ ಬೇಕಾಗ್ತದಲ್ಲ!"

ಹೋಗಬೇಕು. ಈಗಲೇ ಹೇಳಬೇಕು. ಉಮ್ಮಾ, ಕೆಲಸ ಹೋದದ್ದು ನಿಮ್ಮ ಉಪ್ಪಿನಿಂದ ಅಲ್ಲ. ಅವತ್ತು ನಾನು ಕಿರುಚಿದ್ದು —