ಅಕ್ಕನ ಪಾಲಿನ ರೊಟ್ಟಿ

ಅಕ್ಕಾ,

ನೀನು ಹೋಗಿ ನಾಲ್ಕು ತಿಂಗಳಾದ ಮೇಲೆ ಇವತ್ತು ಭಾವ ಮೊದಲ ಸಲ ನಮ್ಮ ಚರ್ಚಿನೊಳಗೆ ಬಂದರು. ಇಪ್ಪತ್ತು ವರ್ಷ ಪ್ರತಿ ಭಾನುವಾರ ನಿನ್ನನ್ನು ಸ್ಕೂಟರಿನಲ್ಲಿ ತಂದು ಬಿಟ್ಟು, ಆರಾಧನೆ ಮುಗಿಯುವವರೆಗೂ ಗೇಟಿನ ಆಚೆ ಕಾಯುತ್ತಿದ್ದವರು ಇವತ್ತು ನಿನ್ನ ಬೆಂಚಿನಲ್ಲಿ ಕೂತಿದ್ದರು.

ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ಹೊತ್ತಿಗೆ ಎಲ್ಲರ ಜೊತೆ ಅವರೂ ಎದ್ದು ಬಂದು ಮಂಡಿಯೂರಿದರು. ಮಸೀದಿಯಲ್ಲಿ ದುವಾ ಮಾಡುವ ಹಾಗೆ ಎರಡೂ ಅಂಗೈ ಬಿಚ್ಚಿ ಹಿಡಿದರು. ದೀಕ್ಷಾಸ್ನಾನ ಆಗದವರಿಗೆ ಕೊಡುವಂತಿಲ್ಲ ಎಂದು ರೊಟ್ಟಿ ಹಂಚುತ್ತಿದ್ದ ನಾನು ಬಗ್ಗಿ ಪಿಸುಗುಟ್ಟಿದೆ.

"ನನಗಲ್ಲಪ್ಪ, ಅವಳ ಪಾಲಿಂದು. ಕೊನೇ ಮೂರು ವಾರ ಅವಳಿಗೆ ಬರೋಕಾಗ್ಲಿಲ್ವಲ್ಲ. ಒಂದು ಚೂರು ಕೊಟ್ರೆ ಸಮಾಧಿ ಹತ್ರ ಇಟ್ಟು ಬರ್ತೀನಿ" ಅಂದರು.

ಸಭೆಯ ಹಿರಿಯರು ನನ್ನನ್ನೇ ನೋಡುತ್ತಿದ್ದರು. ನಾನು ಪಕ್ಕದವರ ಕೈಗೆ ರೊಟ್ಟಿ ಇಟ್ಟು ಮುಂದೆ ಹೋದೆ. ಭಾವ ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ಇದ್ದರು.

ಹಾಸಿಗೆ ಹಿಡಿದವರ ಮನೆಗೆ ರೊಟ್ಟಿ ಒಯ್ದು ಕೊಡುವುದು ಸಭಾಪಾಲಕನಾದ ನನ್ನ ಕೆಲಸ. ನೀನು ಮಲಗಿದ್ದ ಆ ಮೂರು ವಾರಗಳಲ್ಲಿ ನಾನು ನಿಮ್ಮ ಬೀದಿಯ ಬೇರೆ ಎರಡು ಮನೆಗಳಿಗೆ ಹೋಗಿ ಬಂದಿದ್ದೆ.

ಆರಾಧನೆ ಮುಗಿದ ಕೂಡಲೇ ನಿಲುವಂಗಿಯಲ್ಲೇ ಗೇಟಿನ ಹತ್ತಿರ ಓಡಿದೆ. ಭಾವ ಸ್ಕೂಟರ್ ಹತ್ತಿದ್ದರು. ನಿಮ್ಮ ಮದುವೆಯಾದಾಗಿನಿಂದ ನನ್ನನ್ನು ಪುಟ್ಟಾ ಎಂದೇ ಕರೆದವರು ಅವರು.

"ನಿಮ್ಮ ಪದ್ಧತಿ ಗೊತ್ತಿರ್ಲಿಲ್ಲ, ಅಯ್ಯನವರೇ. ತಪ್ಪಾಯ್ತು" ಅಂದರು.

ಪರವಾಗಿಲ್ಲ ಅಂದುಬಿಟ್ಟೆ, ಅಕ್ಕಾ.